ರೋಗ ತಡೆದುಕೊಳ್ಳುವ ಹಸುವಿನ ತಳಿ: ದಾಖಲೆಯಿಂದ ಜೀನ್ ಪರೀಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆಯ ಡೇರಿಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಹಸುಗಳ ರಕ್ತ ಲ್ಯಾಬಿಗೆ ಹೋಗುತ್ತದೆ, ರೋಗನಿರೋಧಕ ಜೀನ್‌ಗಳ ವರದಿ ಕೈಗೆ ಬರುತ್ತದೆ. ಆದರೆ ಯಾವ ಹಸುವಿಗೆ ಎಷ್ಟು ಸಲ ಕೆಚ್ಚಲು ಬಾವು ಬಂದಿತ್ತು, ಅದರ ಅಪ್ಪ ಯಾವ ಹೋರಿ ಎಂದು ಕೇಳಿದರೆ ಉತ್ತರವಿಲ್ಲ. ಹೋಲಿಸಿ ನೋಡಲು ದಾಖಲೆ ಇಲ್ಲದಿದ್ದರೆ ಆ ವರದಿಯಿಂದ ಒಂದು ನಿರ್ಧಾರವನ್ನೂ ತೆಗೆದುಕೊಳ್ಳಲಾಗದು. ಮೊದಲು ದಾಖಲೆ, ಆಮೇಲೆ ಹೋರಿಯ ಆಯ್ಕೆ, ಕೊನೆಗೆ ಜೀನ್ ಪರೀಕ್ಷೆ. ಈ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಮೂರು ನಾಲ್ಕು ವರ್ಷವೂ ಹೋಗುತ್ತದೆ.

ಇದು 15ರಿಂದ 50 ಹಸುಗಳ ಡೇರಿ ಇರುವವರಿಗೆ, ಅಕ್ಕಪಕ್ಕದ ಹಳ್ಳಿಗಳ ಹೈನುಗಾರರ ಗುಂಪುಗಳಿಗೆ, ಅವರ ಜೊತೆ ಕೆಲಸ ಮಾಡುವ ಪಶುವೈದ್ಯರಿಗೆ ಬರೆದದ್ದು.

## ಕೈಯಲ್ಲಿ ಇರಬೇಕಾದದ್ದು

12 ಅಂಕಿಯ ಕಿವಿಯೋಲೆ ಪ್ರತಿ ದನಕ್ಕೂ ಬೇಕು. ಹಸುವಿಗೊಂದು ಪುಟದಂತೆ ದಪ್ಪ ರಿಜಿಸ್ಟರ್ ಅಥವಾ ಕಂಪ್ಯೂಟರಿನಲ್ಲಿ ಒಂದು ಪಟ್ಟಿ, ಕೆಚ್ಚಲು ಬಾವು ಪತ್ತೆಗೆ ನಾಲ್ಕು ಬಟ್ಟಲಿನ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ತಟ್ಟೆ ಮತ್ತು ದ್ರಾವಣ, ಥರ್ಮಾಮೀಟರ್, ಕರುವಿನ ಎದೆ ಸುತ್ತಳತೆ ಅಳೆದು ತೂಕ ಅಂದಾಜಿಸುವ ಟೇಪು, ಗಿಣ್ಣು ಹಾಲಿನ ಗುಣಮಟ್ಟ ನೋಡಲು ಬ್ರಿಕ್ಸ್ ಮಾಪಕ. ಇಷ್ಟಿದ್ದರೆ ಮೊದಲ ಎರಡು ವರ್ಷದ ಕೆಲಸ ನಡೆಯುತ್ತದೆ. ರಕ್ತದ ಟ್ಯೂಬ್ ಈಗಲೇ ಬೇಡ.

## ಹಂತ 1: ಯಾವ ರೋಗ ಎಂದು ಮೊದಲು ತೀರ್ಮಾನಿಸಿ

‘ಎಲ್ಲ ರೋಗಕ್ಕೂ ಜಗ್ಗದ ಹಸು’ ಎಂಬ ಗುರಿ ಇಟ್ಟುಕೊಂಡರೆ ಯಾವುದನ್ನೂ ಅಳೆಯಲಾಗುವುದಿಲ್ಲ. ಕೊಟ್ಟಿಗೆಯಲ್ಲಿ ವರ್ಷವಿಡೀ ಇರುವ, ಹಸುವಿನಿಂದ ಹಸುವಿಗೆ ವ್ಯತ್ಯಾಸ ಕಾಣುವ ರೋಗವನ್ನು ಆರಿಸಿ. ಬೆಂಗಳೂರು ಸುತ್ತಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮತ್ತು ಜರ್ಸಿ ಮಿಶ್ರತಳಿಗಳಿಗೆ ಅಂಥವು ಎರಡು: ಕೆಚ್ಚಲು ಬಾವು ಮತ್ತು ಉಣ್ಣೆ ಕಾಟ.

ಕಾಲುಬಾಯಿ ರೋಗ, ಕಂದು ರೋಗ (ಬ್ರುಸೆಲ್ಲೋಸಿಸ್), ಚರ್ಮಗಂಟು ರೋಗ ಇವುಗಳಿಗೆ ತಳಿ ಆಯ್ಕೆಯ ದಾರಿ ಹಿಡಿಯಬೇಡಿ. ಅವಕ್ಕೆ ಲಸಿಕೆಯೇ ದಾರಿ. ಕಾಲುಬಾಯಿಗೆ ಆರು ತಿಂಗಳಿಗೊಮ್ಮೆ, ಕಂದು ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಂದೇ ಸಲ. ಕಂದು ರೋಗದ ಲಸಿಕೆ ಜೀವಂತ ರೋಗಾಣುವಿನದ್ದು. ಗಂಡು ಕರುವಿಗೂ ಗಬ್ಬದ ಹಸುವಿಗೂ ಹಾಕುವಂತಿಲ್ಲ, ಹಾಕುವವರು ಕೈಗವಸು ತೊಡಲೇಬೇಕು. ‘ನಮ್ಮ ತಳಿ ಗಟ್ಟಿ’ ಎಂದು ಲಸಿಕೆ ಬಿಟ್ಟವರು ಇಡೀ ಹಿಂಡನ್ನು ಅಪಾಯಕ್ಕೆ ಒಡ್ಡುತ್ತಾರೆ.

ಉಣ್ಣೆಯ ವಿಷಯದಲ್ಲಿ ಒಂದು ಗೊಂದಲವಿದೆ. ಮೈಮೇಲೆ ಹೆಚ್ಚಾಗಿ ಕಾಣುವ ರಿಪಿಸೆಫಾಲಸ್ ಮೈಕ್ರೋಪ್ಲಸ್ ಉಣ್ಣೆ ಬಬೇಸಿಯಾ, ಅನಾಪ್ಲಾಸ್ಮಾ ಎಂಬ ರಕ್ತದ ರೋಗಾಣುಗಳನ್ನು ಹರಡುತ್ತದೆ. ಮಿಶ್ರತಳಿ ಕರುಗಳನ್ನು ಕೊಲ್ಲುವ ಥೈಲೇರಿಯಾ ಆನ್ಯುಲೇಟಾ ಎಂಬ ರೋಗಾಣು ಬರುವುದು ಹಯಲೋಮಾ ಜಾತಿಯ ಉಣ್ಣೆಯಿಂದ. ಮೊದಲನೆಯದು ಕಡಿಮೆ ಹತ್ತುವ ಹಸು ಎರಡನೆಯ ರೋಗವನ್ನೂ ತಡೆಯುತ್ತದೆ ಎಂದು ಲೆಕ್ಕ ಹಾಕಬೇಡಿ.

## ಹಂತ 2: ಅಪ್ಪ ಯಾರು ಎಂಬುದನ್ನು ಬರೆದಿಡಿ

ಗರ್ಭಧಾರಣೆ ಆದ ಕೂಡಲೇ ಬಳಸಿದ ವೀರ್ಯದ ಸ್ಟ್ರಾ (ವೀರ್ಯ ತುಂಬಿದ ಸಣ್ಣ ಕೊಳವೆ) ಮೇಲಿನ ಹೋರಿ ಸಂಖ್ಯೆ, ವೀರ್ಯ ಕೇಂದ್ರದ ಗುರುತು, ತಯಾರಾದ ದಿನಾಂಕ ಇವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಖಾಲಿ ಸ್ಟ್ರಾವನ್ನು ಅದೇ ಪುಟಕ್ಕೆ ಟೇಪಿನಿಂದ ಅಂಟಿಸುವುದು ಇನ್ನೂ ಒಳ್ಳೆಯದು. ದನಗಳ ದಾಖಲೆಗಾಗಿ ಇರುವ ಸರ್ಕಾರದ ಭಾರತ್ ಪಶುಧನ್ ಆ್ಯಪಿನಲ್ಲಿ ತಂತ್ರಜ್ಞರು ನಮೂದಿಸುತ್ತಾರೆ ಎಂದು ಬಿಟ್ಟುಬಿಡಬೇಡಿ, ಅಲ್ಲಿ ನಮೂದಾದ ಸಂಖ್ಯೆಯನ್ನೂ ಕೇಳಿ ಹೋಲಿಸಿ.

ಒಂದೇ ಬೆದೆಯಲ್ಲಿ ಎರಡು ಹೋರಿಗಳ ಸ್ಟ್ರಾ ಬಳಸಿದ್ದರೆ, ಅಥವಾ ಕೃತಕ ಗರ್ಭಧಾರಣೆ ಆದ ಮೇಲೆ ಊರ ಹೋರಿಯನ್ನೂ ಬಿಟ್ಟಿದ್ದರೆ, ಹುಟ್ಟುವ ಕರುವಿನ ಅಪ್ಪನ ಜಾಗದಲ್ಲಿ ‘ತಿಳಿದಿಲ್ಲ’ ಎಂದೇ ಬರೆಯಿರಿ. ಊಹೆಯ ಹೆಸರು ಖಾಲಿ ಜಾಗಕ್ಕಿಂತ ಕೆಟ್ಟದ್ದು. ಅದು ಒಳ್ಳೆಯ ಹೋರಿಯ ಲೆಕ್ಕವನ್ನೂ ಕೆಡಿಸುತ್ತದೆ.

## ಹಂತ 3: ರೋಗವನ್ನು ಅಳೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಉಳಿದದ್ದೆಲ್ಲ ನಿಂತಿರುವುದೂ ಇದರ ಮೇಲೆಯೇ.

ಕೆಚ್ಚಲು ಬಾವಿಗೆ ತಿಂಗಳಿಗೊಮ್ಮೆ ಸಿಎಂಟಿ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ ಹಿಂಡಿ ಚೆಲ್ಲಿ. ಆಮೇಲೆ ಪ್ರತಿ ಬಟ್ಟಲಿಗೆ ಸುಮಾರು 2 ಮಿಲಿ ಹಾಲು, ಅಷ್ಟೇ ದ್ರಾವಣ. ತಟ್ಟೆಯನ್ನು ಸುತ್ತಾಗಿ ತಿರುಗಿಸಿ, 10 ಸೆಕೆಂಡಿನಿಂದ ನೋಡಲು ಶುರುಮಾಡಿ 20 ಸೆಕೆಂಡಿನೊಳಗೆ ಫಲಿತಾಂಶ ಓದಿ. ತಡವಾದರೆ ಸಣ್ಣ ಗಟ್ಟಿತನ ಕರಗಿ ರೋಗ ಇದ್ದದ್ದು ಇಲ್ಲವೆಂದು ಕಾಣುತ್ತದೆ. ದ್ರಾವಣ ಸಿಗದಿದ್ದರೆ 500 ಮಿಲಿ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ ಬಳಸಬಹುದು. ಆದರೆ ಒಂದು ತಿಂಗಳು ಅದು, ಇನ್ನೊಂದು ತಿಂಗಳು ಇದು ಎಂದು ಬದಲಾಯಿಸಬೇಡಿ. ಕರು ಹಾಕಿದ ಮೊದಲ ಐದು ದಿನ ಮತ್ತು ಬತ್ತಿಸುವ ಹೊತ್ತಿನಲ್ಲಿ ಈ ಪರೀಕ್ಷೆ ನಂಬಲರ್ಹವಲ್ಲ.

ಹಾಲಿನ ದೇಹಕೋಶಗಳ (ಹೆಚ್ಚಿನವು ಬಿಳಿರಕ್ತಕಣಗಳು) ಎಣಿಕೆ. ಲ್ಯಾಬ್ ಸೌಲಭ್ಯ ಸಿಕ್ಕರೆ ಇದನ್ನೇ ಮುಖ್ಯ ಅಳತೆ ಮಾಡಿಕೊಳ್ಳಿ. ಒಂದು ಸೂಲಿನಲ್ಲಿ ಕನಿಷ್ಠ ಐದು ಮಾದರಿ ಬೇಕು. ಮಿಲಿಗೆ 2 ಲಕ್ಷ ಕೋಶ ದಾಟಿದರೆ ಒಳಗೆ ಸೋಂಕಿದೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಈ ಸಂಖ್ಯೆಗಳನ್ನು ಹಾಗೆಯೇ ಸರಾಸರಿ ಮಾಡಬಾರದು. ಒಂದೇ ಒಂದು 30 ಲಕ್ಷ ಇಡೀ ಸೂಲನ್ನು ಮುಳುಗಿಸಿಬಿಡುತ್ತದೆ. ಅದಕ್ಕಾಗಿ ಅಂಕಕ್ಕೆ ಬದಲಾಯಿಸಿಕೊಳ್ಳಿ: 50 ಸಾವಿರಕ್ಕೆ 2, 1 ಲಕ್ಷಕ್ಕೆ 3, 2 ಲಕ್ಷಕ್ಕೆ 4, 4 ಲಕ್ಷಕ್ಕೆ 5, 8 ಲಕ್ಷಕ್ಕೆ 6. ಕೋಶ ದುಪ್ಪಟ್ಟಾದಾಗಲೆಲ್ಲ ಅಂಕ ಒಂದು ಏರುತ್ತದೆ. ಸರಾಸರಿ ಮಾಡಬೇಕಾದದ್ದು ಈ ಅಂಕಗಳನ್ನು.

ಕಣ್ಣಿಗೆ ಕಾಣುವ ಬಾವು. ದಿನಾಂಕ, ಯಾವ ಮೊಲೆ, ಹಾಲಿನ ಬಣ್ಣ ಮತ್ತು ಗಡ್ಡೆ, ಜ್ವರ, ಕೊಟ್ಟ ಔಷಧ. ಅದೇ ಮೊಲೆಗೆ 14 ದಿನದೊಳಗೆ ಮರುಕಳಿಸಿದರೆ ಹೊಸ ರೋಗವೆಂದು ಎಣಿಸಬೇಡಿ.

ಉಣ್ಣೆ ಎಣಿಕೆ. ಬೆಳಗ್ಗೆ, ಹಸುವಿನ ಒಂದು ಪಕ್ಕದಲ್ಲಿ ಮಾತ್ರ, ರಕ್ತ ಹೀರಿ ಊದಿಕೊಂಡ 4.5ರಿಂದ 8 ಮಿಮೀ ಉದ್ದದ ಹೆಣ್ಣು ಉಣ್ಣೆಗಳನ್ನು ಎಣಿಸಿ ಎರಡರಿಂದ ಗುಣಿಸಿ. ಕಿವಿಯೊಳಗು, ಗಂಗೆದೊಗಲು, ಕೆಚ್ಚಲಿನ ಹಿಂಭಾಗ, ಬಾಲದ ಬುಡ ಬಿಡಬಾರದು. ಉಣ್ಣೆ ಹೆಚ್ಚಿರುವ ಕಾಲದಲ್ಲಿ ಕೆಲವು ವಾರಗಳ ಅಂತರದಲ್ಲಿ ಮೂರು ಸಲ ಎಣಿಸಿ. ಇತ್ತೀಚೆಗೆ ಔಷಧ ಸಿಂಪಡಿಸಿದ್ದರೆ ಆ ಎಣಿಕೆಗೆ ಬೆಲೆಯಿಲ್ಲ. ಎಣಿಸಿದ ದಿನವೇ ಆಮೇಲೆ ಸಿಂಪಡಿಸಿ. ಎಣಿಕೆಯ ನೆಪದಲ್ಲಿ ಹಸುವನ್ನು ನರಳಿಸಬೇಕಿಲ್ಲ.

## ಹಂತ 4: ತಳಿಯ ದೋಷವಲ್ಲದ್ದನ್ನು ಬೇರ್ಪಡಿಸಿ

ಹೆಬ್ಬೆರಳು ಮಡಚಿ ಹಾಲು ಹಿಂಡುವವರ ಕೈಗೆ ಸಿಕ್ಕ ಹಸುವಿನ ಮೊಲೆ ಒಳಗೆ ಗಾಯವಾಗಿ ಬಾವು ಬರುತ್ತದೆ. ಅದು ಹಸುವಿನ ಜೀನಿನ ದೋಷವಲ್ಲ. ಹಿಂಡಿದ ಮೇಲೆ ಮೊಲೆಗಳನ್ನು 0.5 ಶೇಕಡಾ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮೊಲೆಯ ತೂತು ಮುಚ್ಚುವವರೆಗೆ, ಸುಮಾರು ಅರ್ಧ ಗಂಟೆ, ಹಸು ಮಲಗದಂತೆ ಮುಂದೆ ಮೇವು ಹಾಕಿ.

ಕರುಗಳ ವಿಷಯದಲ್ಲಿ ಗಿಣ್ಣು ಹಾಲೇ ಮೊದಲ ರಕ್ಷಣೆ. ಹಸುವಿನ ಮಾಸಿನ ಮೂಲಕ ರೋಗನಿರೋಧಕ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ, ಎಲ್ಲವೂ ಗಿಣ್ಣಿನಿಂದಲೇ ಬರಬೇಕು. 30 ಕೆಜಿ ಕರುವಿಗೆ ಹುಟ್ಟಿದ ಎರಡು ಗಂಟೆಯೊಳಗೆ ಸುಮಾರು 3 ಲೀಟರ್, 12 ಗಂಟೆಯೊಳಗೆ ಇನ್ನೂ 2 ಲೀಟರ್ ಕುಡಿಸಿ. ಗಿಣ್ಣು ಬ್ರಿಕ್ಸ್ ಮಾಪಕದಲ್ಲಿ 22 ಅಥವಾ ಹೆಚ್ಚು ತೋರಿಸಬೇಕು. ಮಾಸು ಬೀಳಲಿ ಎಂದು ಕಾಯುತ್ತ ಗಿಣ್ಣು ತಡಮಾಡುವ ರೂಢಿ ಇನ್ನೂ ಅನೇಕ ಮನೆಗಳಲ್ಲಿದೆ. ಆ ಕರು ಬೇಧಿಗೋ ನ್ಯುಮೋನಿಯಾಗೋ ಬಲಿಯಾದರೆ ಅಪ್ಪ ಹೋರಿಯನ್ನು ದೂರುವುದು ಅನ್ಯಾಯ.

ಎಚ್ಚರಿಕೆಯ ಗುರುತು: ಸಿಎಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಸುಗಳು ರೋಗ ತೋರಿಸಿದರೆ ತಳಿ ಆಯ್ಕೆ ನಿಲ್ಲಿಸಿ. ಹಿಂಡುವ ರೀತಿ, ಯಂತ್ರದ ಒತ್ತಡ, ನೆಲದ ಒದ್ದೆ ಮೊದಲು ಸರಿಯಾಗಲಿ.

## ಹಂತ 5: ಹಸುಗಳನ್ನು ಸಾಲಿಗೆ ನಿಲ್ಲಿಸಿ

ಐದನೇ ಸೂಲಿನ ಹಸುವನ್ನು ಮೊದಲ ಸೂಲಿನ ಕಡಸಿನ ಜೊತೆ ಹೋಲಿಸಬೇಡಿ. ವಯಸ್ಸಾದಂತೆ ಕೋಶ ಏರುತ್ತದೆ. ಒಂದೇ ಸೂಲು, ಕರು ಹಾಕಿ ಸುಮಾರು ಅಷ್ಟೇ ತಿಂಗಳು, ಒಂದೇ ಋತು. ಹೀಗೆ ಗುಂಪು ಮಾಡಿ, ಗುಂಪಿನ ಸರಾಸರಿಯಿಂದ ಪ್ರತಿ ಹಸು ಎಷ್ಟು ಕೆಳಗೆ ಅಥವಾ ಮೇಲೆ ಎಂದು ಬರೆಯಿರಿ. ಗುಂಪಿನ ಸರಾಸರಿ 4.2 ಇದ್ದು ಒಂದು ಹಸು 3.1 ಇದ್ದರೆ ಅದರ ಅಂಕ ಮೈನಸ್ 1.1, ಒಳ್ಳೆಯದು.

ಈ ಅಂಕವನ್ನು ಎಷ್ಟು ನಂಬಬಹುದು? ಕೋಶ ಅಂಕದ ಆನುವಂಶೀಯತೆ ಸಾಮಾನ್ಯವಾಗಿ 0.10ರಿಂದ 0.15. ಅಂದರೆ ಕಾಣುವ ವ್ಯತ್ಯಾಸದ ದೊಡ್ಡ ಪಾಲು ರಕ್ತದಿಂದ ಬಂದದ್ದಲ್ಲ. ಆನುವಂಶೀಯತೆ 0.10, ಒಂದೇ ಹಸುವಿನ ಅಳತೆಗಳ ನಡುವಿನ ಹೊಂದಿಕೆ 0.3 ಎಂದಿಟ್ಟುಕೊಂಡರೆ, ಒಂದು ಅಳತೆಯ ವಿಶ್ವಾಸಾರ್ಹತೆ 0.10, ಐದಕ್ಕೆ 0.23, ಹತ್ತಕ್ಕೆ 0.27. ಐದರ ನಂತರ ಲಾಭ ನಿಧಾನ. ಹೋರಿಯ ಲೆಕ್ಕ ಬೇರೆ: ಹೆಣ್ಣು ಸಂತತಿಯ ಸಂಖ್ಯೆಯನ್ನು, ಅದೇ ಸಂಖ್ಯೆಗೆ 39 ಕೂಡಿಸಿ ಬಂದದ್ದರಿಂದ ಭಾಗಿಸಿ. 10 ಮಗಳಿಗೆ 0.20, 39ಕ್ಕೆ 0.50, 100ಕ್ಕೆ 0.72. ಉಣ್ಣೆ ತಡೆಯುವ ಗುಣದ ಆನುವಂಶೀಯತೆ 0.3ರ ಆಸುಪಾಸು ಇರುವುದರಿಂದ ಅಲ್ಲಿ 12 ಮಗಳು ಸಾಕು 0.50 ತಲುಪಲು.

ಇದರಿಂದ ಸ್ಪಷ್ಟವಾಗುವುದು ಒಂದೇ. 20 ಹಸುವಿನ ಒಂಟಿ ಡೇರಿ ಹೋರಿಯನ್ನು ಅಳೆಯಲಾರದು. ಒಂದೇ ಹೋರಿಗಳನ್ನು ಬಳಸುವ ಹತ್ತಾರು ಡೇರಿಗಳು ಒಂದೇ ನಮೂನೆಯಲ್ಲಿ ದಾಖಲೆ ಇಟ್ಟು ಒಟ್ಟುಗೂಡಿಸಬೇಕು. ಹಾಲು ಸಹಕಾರ ಸಂಘದ ಮಟ್ಟದಲ್ಲಿ ಇದು ಸಾಧ್ಯ, ಮಾಡಲೇಬೇಕಾದದ್ದೂ ಹೌದು.

## ಹಂತ 6: ಹೋರಿಯನ್ನು ಆರಿಸಿ

ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಹೆಪ್ಪುಗಟ್ಟಿದ ವೀರ್ಯ ಸಂಸ್ಥೆಯೂ ನಂದಿನಿ ವೀರ್ಯ ಕೇಂದ್ರವೂ ಇವೆ. ಸ್ಟ್ರಾ ಎಲ್ಲಿಂದಲೇ ಬರಲಿ, ಕೇಳಬೇಕಾದ ಪ್ರಶ್ನೆಗಳು ಅವೇ.

ಮೊದಲನೆಯದು ಬ್ಲ್ಯಾಡ್ ಎಂಬ ಆನುವಂಶಿಕ ರೋಗದ ಪರೀಕ್ಷೆ. ಒಂದನೇ ವರ್ಣತಂತುವಿನ ಐಟಿಜಿಬಿ2 ಜೀನಿನಲ್ಲಿ ಒಂದೇ ಅಕ್ಷರ ಬದಲಾದರೆ ಬಿಳಿರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿ ಸೋಂಕಿನ ಜಾಗಕ್ಕೆ ದಾಟಲಾರವು. ಕರು ಪದೇ ಪದೇ ನ್ಯುಮೋನಿಯಾ, ಬಾಯಿಹುಣ್ಣು, ಬೇಧಿಯಿಂದ ನರಳಿ ಎಳೆಯದರಲ್ಲೇ ಸಾಯುತ್ತದೆ. ಇದು ಹೋಲ್‌ಸ್ಟೀನ್ ರಕ್ತದಲ್ಲಿ ಹರಡಿದ ದೋಷ. ಆ ಬದಲಾದ ಜೀನಿನ ಒಂದು ಪ್ರತಿ ಮಾತ್ರ ಹೊತ್ತ ಹೋರಿ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಆದರೆ ಅಂಥದ್ದೇ ಹಸುವಿಗೆ ಕೂಡಿದರೆ ನಾಲ್ಕರಲ್ಲಿ ಒಂದು ಕರುವಿಗೆ ರೋಗ. ಒಂದೇ ಜೀನ್ ನೋಡಿ ಹೋರಿಯನ್ನು ನೇರವಾಗಿ ಬೇಡವೆನ್ನಬಹುದಾದ ಸ್ಪಷ್ಟ ಸಂದರ್ಭ ಇದು. ಜೊತೆಗೆ ಸಿಟ್ರುಲಿನೀಮಿಯಾ, ಫ್ಯಾಕ್ಟರ್ 11 ಕೊರತೆ ಎಂಬ ಇನ್ನೆರಡು ಆನುವಂಶಿಕ ದೋಷಗಳ ವರದಿಯನ್ನೂ ಕೇಳಿ.

ಎರಡನೆಯದು, ತಾಯಿಯ ಹಾಲಿನ ಲೀಟರ್ ಮಾತ್ರ ನೋಡಿ ಹೋರಿ ಆರಿಸಬೇಡಿ. ಹಾಲಿನ ಇಳುವರಿಗೂ ಕೋಶ ಅಂಕಕ್ಕೂ, ಮುಖ್ಯವಾಗಿ ಮೊದಲ ಸೂಲಿನಲ್ಲಿ, ಪ್ರತಿಕೂಲ ನಂಟಿದೆ. ಲೀಟರ್ ಬೆನ್ನು ಹತ್ತಿದ ಹಿಂಡಿನಲ್ಲಿ ಬಾವು ನಿಧಾನವಾಗಿ ಏರುತ್ತದೆ. ಆಮದು ಹೋರಿಯ ಪಟ್ಟಿಯಲ್ಲಿ ಕೋಶ ಅಂಕದ ಕಾಲಂ ಇದ್ದರೆ ಅದು 3.0ಕ್ಕಿಂತ ಕಡಿಮೆ ಇರುವುದನ್ನು ಹುಡುಕಿ.

ಮೂರನೆಯದು ವಿದೇಶಿ ರಕ್ತದ ಪಾಲು. 75 ಶೇಕಡಾ ಎಚ್‌ಎಫ್ ಹಸುವಿಗೆ ಮತ್ತೆ ಶುದ್ಧ ಎಚ್‌ಎಫ್ ಕೊಟ್ಟರೆ ಕರು 87.5. ಅದೇ ಹಸುವಿಗೆ 50 ಶೇಕಡಾ ಮಿಶ್ರತಳಿ ಹೋರಿ ಕೊಟ್ಟರೆ 62.5. ಉಣ್ಣೆ, ಥೈಲೇರಿಯಾ ಕಾಟವಿರುವ ಕಡೆ ಎರಡನೆಯದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಾಗೆಂದು ಮನೆಯ ಒಳ್ಳೆಯ ಹಳ್ಳಿಕಾರ್ ಹಸುಗಳನ್ನೆಲ್ಲ ಮಿಶ್ರತಳಿಗೆ ಬಳಸಬೇಡಿ. ಅವುಗಳಿಗೆ ಹಳ್ಳಿಕಾರ್ ಹೋರಿಯೇ ಬೇಕು, ಆ ರಕ್ತ ಮುಗಿದರೆ ಮತ್ತೆ ಕೊಳ್ಳಲು ಸಿಗುವುದಿಲ್ಲ.

## ಹಂತ 7: ಈಗ ಜೀನ್ ಪರೀಕ್ಷೆ

ಕನಿಷ್ಠ ಒಂದು ಸೂಲಿನ ಪೂರ್ತಿ ದಾಖಲೆ, ಖಚಿತವಾದ ಅಪ್ಪ. ಎರಡೂ ಇರುವ ಹಸುಗಳನ್ನು ಮಾತ್ರ ಪರೀಕ್ಷೆಗೆ ಕಳಿಸಿ.

ಏನನ್ನು ನೋಡುತ್ತಾರೆ. 23ನೇ ವರ್ಣತಂತುವಿನ ಬೋಲಾ ಡಿಆರ್‌ಬಿ3 ಜೀನ್ ರೋಗಾಣುವಿನ ತುಣುಕನ್ನು ಹಿಡಿದು ರಕ್ಷಣಾ ಕಣಗಳಿಗೆ ತೋರಿಸುವ ಪ್ರೋಟೀನಿನದ್ದು. ಅದರ ಎರಡನೇ ಎಕ್ಸಾನಿನಲ್ಲೇ (ಎಕ್ಸಾನ್ ಎಂದರೆ ಜೀನಿನ ಒಂದು ಭಾಗ) ಹೆಚ್ಚಿನ ವೈವಿಧ್ಯ, ಈಗ 300ಕ್ಕೂ ಹೆಚ್ಚು ರೂಪಭೇದಗಳು ದಾಖಲಾಗಿವೆ. 8ನೇ ವರ್ಣತಂತುವಿನ ಟಿಎಲ್‌ಆರ್4 ಇ. ಕೋಲೈನಂಥ ಬ್ಯಾಕ್ಟೀರಿಯಾಗಳ ಹೊರಪದರವನ್ನು ಗುರುತಿಸುತ್ತದೆ. 2ನೇ ವರ್ಣತಂತುವಿನ ಎಸ್‌ಎಲ್‌ಸಿ11ಎ1 ಕಂದು ರೋಗದಂಥ, ಕಣದೊಳಗೆ ಅಡಗುವ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಅಧ್ಯಯನವಾದದ್ದು, ಆದರೆ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ.

ಮಾದರಿ. ಇಡಿಟಿಎ ಟ್ಯೂಬಿನಲ್ಲಿ 5 ಮಿಲಿ ರಕ್ತ, ಪಶುವೈದ್ಯರೇ ತೆಗೆಯಬೇಕು. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಮಗುಚಿ, ಕುಲುಕಬೇಡಿ. ಹೆಪಾರಿನ್ ಟ್ಯೂಬ್ ಬೇಡ, ಅದು ಪಿಸಿಆರ್ (ಡಿಎನ್ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸುವ) ಕ್ರಿಯೆಯನ್ನು ತಡೆಯುತ್ತದೆ. 4 ಡಿಗ್ರಿಯಲ್ಲಿ ಇಟ್ಟು ಬೇಗ ತಲುಪಿಸಿ. ಕೂದಲು ಕಳಿಸುವುದಾದರೆ ಬಾಲದ ಕುಚ್ಚಿನಿಂದ ಬುಡಸಮೇತ ಕಿತ್ತ 30–40 ಎಳೆ, ಒಣ ಕಾಗದದ ಲಕೋಟೆಯಲ್ಲಿ. ಕತ್ತರಿಸಿದ ಕೂದಲು ಪ್ರಯೋಜನವಿಲ್ಲ. ಅವಳಿಯಾಗಿ ಹುಟ್ಟಿದ ದನದ ರಕ್ತದಲ್ಲಿ ಜೊತೆಯದರ ರಕ್ತಕಣಗಳೂ ಬೆರೆತಿರಬಹುದು. ಅಂಥವಕ್ಕೆ ರಕ್ತ ಬೇಡ, ಕೂದಲೇ ಕಳಿಸಿ.

ಲ್ಯಾಬಿನಲ್ಲಿ. ಡಿಎನ್ಎ ಶುದ್ಧತೆಯ 260/280 ಅನುಪಾತ 1.7ರಿಂದ 1.9ರೊಳಗೆ ಇರಬೇಕು. ಹಳೆಯ ವಿಧಾನದಲ್ಲಿ ಎಕ್ಸಾನ್ 2ರ 284 ಬೇಸ್ ಜೋಡಿಯ ತುಣುಕನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ ಆರ್‌ಎಸ್‌ಎ1, ಬಿಎಸ್‌ಟಿವೈ1, ಎಚ್‌ಎಇ3 ಕಿಣ್ವಗಳಿಂದ ಕತ್ತರಿಸುತ್ತಾರೆ. ಮೊದಲ ಮತ್ತು ಮೂರನೆಯದಕ್ಕೆ 37 ಡಿಗ್ರಿ, ಎರಡನೆಯದಕ್ಕೆ 60. ಕತ್ತರಿಕೆ ಅರ್ಧಂಬರ್ಧವಾದರೆ ಎರಡೂ ಪ್ರತಿ ಒಂದೇ ಇರುವ ಹಸು ಭಿನ್ನ ಪ್ರತಿಗಳಿರುವಂತೆ ಕಾಣುತ್ತದೆ. ಆದ್ದರಿಂದ ಜೀನ್ ಮಾದರಿ ಮೊದಲೇ ಗೊತ್ತಿರುವ ಒಂದು ಡಿಎನ್ಎ, ಡಿಎನ್ಎ ಇಲ್ಲದ ಒಂದು ಖಾಲಿ ಟ್ಯೂಬ್ ಪ್ರತಿ ಸರದಿಯಲ್ಲೂ ಇರಬೇಕು. ಹತ್ತರಲ್ಲಿ ಒಂದು ಮಾದರಿಯನ್ನು ಬೇರೆ ಗುಪ್ತಸಂಖ್ಯೆ ಕೊಟ್ಟು ಎರಡನೇ ಸಲ ಕಳಿಸಿ. ಎರಡು ಉತ್ತರ ಬಂದರೆ ಇಡೀ ಕಂತನ್ನು ಒಪ್ಪಿಕೊಳ್ಳಬೇಡಿ. ಸಾಧ್ಯವಿದ್ದರೆ ಅನುಕ್ರಮ ಓದುವ ವಿಧಾನವನ್ನೇ ಕೇಳಿ, ಕಿಣ್ವದ ವಿಧಾನ ಹಲವು ರೂಪಭೇದಗಳನ್ನು ಒಂದೇ ಎಂದು ತೋರಿಸುತ್ತದೆ.

ಹೆಸರಿನ ಗೊಂದಲ. ಕಿಣ್ವ ವಿಧಾನದ ಸಂಖ್ಯೆಯೂ ಅನುಕ್ರಮದ ಸಂಖ್ಯೆಯೂ ಬೇರೆ ಬೇರೆ. ಹಳೆಯ ಡಿಆರ್‌ಬಿ3.2*11 ಎಂಬುದು ಹೊಸ ಪದ್ಧತಿಯಲ್ಲಿ 009:02. ಸಂಖ್ಯೆ ನೋಡಿ ಅದೇ ಇದು ಎಂದುಕೊಂಡರೆ ಬೇರೆಯೇ ರೂಪಭೇದವನ್ನು ಆರಿಸಿದಂತೆ.

ಓದುವ ಬಗೆ. 009:02 ಇರುವ ಹಸುಗಳಲ್ಲಿ ದನಗಳ ಲ್ಯುಕೋಸಿಸ್ (ರಕ್ತದ ಕ್ಯಾನ್ಸರ್ ತರಬಲ್ಲ ರೋಗ) ವೈರಸ್ಸಿನ ಪ್ರಮಾಣ ಕಡಿಮೆ, 016:01 ಇರುವಲ್ಲಿ ಹೆಚ್ಚು ಎಂಬುದು ಹಲವು ದೇಶಗಳಲ್ಲಿ ಕಂಡ ಸಂಗತಿ. ಅದನ್ನು ಕೆಚ್ಚಲು ಬಾವಿಗೆ ಅನ್ವಯಿಸುವಂತಿಲ್ಲ. ಒಂದು ರೋಗಕ್ಕೆ ಒಳ್ಳೆಯ ರೂಪಭೇದ ಇನ್ನೊಂದಕ್ಕೆ, ಅಥವಾ ಇನ್ನೊಂದು ತಳಿಯಲ್ಲಿ, ಕೆಟ್ಟದ್ದಾಗಿರಬಹುದು. ನಿಮ್ಮ ಹಿಂಡಿನಲ್ಲೇ ಹೋಲಿಸಬೇಕು, ಅದೂ ಒಂದೇ ಹೋರಿಯ ಮಗಳುಗಳ ನಡುವೆ. ಹೋರಿಯ ಎರಡು ಪ್ರತಿ ಬೇರೆಬೇರೆ ಇದ್ದರೆ ಸುಮಾರು ಅರ್ಧ ಮಗಳುಗಳಿಗೆ ಒಂದು, ಉಳಿದವಕ್ಕೆ ಇನ್ನೊಂದು ಹೋಗಿರುತ್ತದೆ. ಎಚ್‌ಎಫ್ ಪಾಲಿನ ವ್ಯತ್ಯಾಸ ಜೀನಿನ ಪರಿಣಾಮದಂತೆ ಕಾಣುವ ಮೋಸ ಇಲ್ಲಿ ಬಹಳ ಕಡಿಮೆ. ಮಗಳಲ್ಲೂ ಹೋರಿಯ ಅದೇ ಎರಡು ರೂಪಭೇದ ಇದ್ದರೆ ಯಾವುದು ಅಪ್ಪನಿಂದ ಬಂತು ಎಂದು ತಿಳಿಯದು, ಅದನ್ನು ಬಿಡಿ.

20ಕ್ಕೆ 20 ಮಗಳುಗಳ ಹೋಲಿಕೆಯಲ್ಲಿ, ಕೋಶ ಅಂಕದ ಹರಡುವಿಕೆ (ಸ್ಟ್ಯಾಂಡರ್ಡ್ ಡೀವಿಯೇಷನ್) 1.5 ಎಂದಿಟ್ಟುಕೊಂಡರೆ, ಸುಮಾರು 1 ಅಂಕಕ್ಕಿಂತ ಕಡಿಮೆ ವ್ಯತ್ಯಾಸ ಬರೀ ಆಕಸ್ಮಿಕವಿರಬಹುದು. 20 ರೂಪಭೇದಗಳನ್ನು ಒಟ್ಟಿಗೆ ಪರೀಕ್ಷಿಸಿದರೆ 5 ಶೇಕಡಾ ಮಟ್ಟದಲ್ಲಿ ಒಂದಾದರೂ ಸುಳ್ಳೇ ‘ಒಳ್ಳೆಯದು’ ಎಂದು ಬರುವುದು ಸಹಜ. ಮಟ್ಟವನ್ನು 0.05ರಿಂದ 0.0025ಕ್ಕೆ ಇಳಿಸಿ ನೋಡಿ. ಈ ಲೆಕ್ಕಕ್ಕೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಳಿಶಾಸ್ತ್ರ ವಿಭಾಗ ಅಥವಾ ಆಡುಗೋಡಿಯ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ವಿಚಾರಿಸಿ, ಮಾದರಿ ತೆಗೆಯುವ ಮೊದಲೇ.

## ಹಂತ 8: ಕೂಡಿಸುವುದು, ಕೈಬಿಡುವುದು

‘ಒಳ್ಳೆಯ’ ರೂಪಭೇದ ಸಿಕ್ಕಿತೆಂದು ಇಡೀ ಹಿಂಡಿಗೆ ಅದನ್ನೇ ತುಂಬುವುದು ದೊಡ್ಡ ತಪ್ಪು. ಡಿಆರ್‌ಬಿ3ಯ ಎರಡು ಭಿನ್ನ ಪ್ರತಿ ಇರುವ ಹಸು ಹೆಚ್ಚು ಬಗೆಯ ರೋಗಾಣು ತುಣುಕುಗಳನ್ನು ಹಿಡಿಯಬಲ್ಲದು. ಆದ್ದರಿಂದ ಹಸುವಿನಲ್ಲಿ ಇಲ್ಲದ ರೂಪಭೇದ ಇರುವ ಹೋರಿಯನ್ನು ಆರಿಸಿ.

ಮಗಳಿಗೆ ಅಪ್ಪನದೇ ಸ್ಟ್ರಾ ಬಿದ್ದರೆ ಹುಟ್ಟುವ ಕರುವಿನ ಒಳಸಂತಾನ (ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟಿದ ಪ್ರಮಾಣ) 25 ಶೇಕಡಾ, ಅಪ್ಪ ಒಂದೇ ಇರುವ ಅಣ್ಣತಂಗಿಯರಿಗೆ 12.5. ಮೇಲ್ಮಿತಿ 6.25 ಇಟ್ಟುಕೊಳ್ಳಿ. ಕಡಸು ಬೆದೆಗೆ ಬರುವ ಹೊತ್ತಿಗೆ ಎರಡು ವರ್ಷದ ಹಿಂದಿನ ಹೋರಿಯ ಸ್ಟ್ರಾ ಇನ್ನೂ ಕಂಟೇನರಿನಲ್ಲಿ ಇರುತ್ತದೆ. ತಂತ್ರಜ್ಞರು ಬಂದಾಗ ‘ಈ ಹೋರಿ ಬೇಡ’ ಎಂಬ ಪಟ್ಟಿ ಕೊಟ್ಟಿಗೆಯ ಗೋಡೆಯಲ್ಲೇ ನೇತಾಡುತ್ತಿರಲಿ.

ಬದಲಿ ಕಡಸುಗಳನ್ನು ಕೋಶ ಅಂಕ ಕಡಿಮೆ ಇರುವ ಅರ್ಧದ ಹಸುಗಳಿಂದ ಮಾತ್ರ ಉಳಿಸಿಕೊಳ್ಳಿ. ಒಂದೇ ಸೂಲಿನಲ್ಲಿ ಮೂರು ಬೇರೆ ಬೇರೆ ಸಲ ಬಾವು ಬಂದ ಹಸುವಿನ ಮಗಳನ್ನು, ತಾಯಿ ಎಷ್ಟೇ ಹಾಲು ಕೊಡಲಿ, ತಳಿಗೆ ಇಡಬೇಡಿ.

## ಹಂತ 9: ಫಲ ಬಂತೇ ಎಂದು ನೋಡುವುದು

ಇಂದು ಗರ್ಭಧಾರಣೆಯಾದ ಕರು ಹುಟ್ಟಲು ಸುಮಾರು 280 ದಿನ, ಅದು ಕರು ಹಾಕಲು ಇನ್ನೂ ಎರಡೂವರೆ ವರ್ಷ, ಒಂದು ಸೂಲು ಮುಗಿಯಲು 305 ದಿನ. ನಾಲ್ಕು ವರ್ಷಕ್ಕೆ ಮೊದಲು ತಳಿಯಿಂದ ಸುಧಾರಣೆ ಆಯಿತೆಂದರೆ ಅದು ತಳಿಯದ್ದಲ್ಲ, ನೈರ್ಮಲ್ಯದ್ದು. ಒಳ್ಳೆಯದೇ, ಆದರೆ ಲೆಕ್ಕ ಬೇರೆ ಇಡಿ. ಪ್ರತಿ ವರ್ಷ ಮೊದಲ ಸೂಲಿನ ಹಸುಗಳ ಸರಾಸರಿ ಅಂಕವನ್ನು ಮಾತ್ರ ಹೋಲಿಸಿ.

ತಕ್ಷಣ ನಿಂತು ಯೋಚಿಸಬೇಕಾದ ಗುರುತುಗಳು: ಕೋಶ ಇಳಿಯಿತು ಆದರೆ ಗಬ್ಬ ನಿಲ್ಲುವುದೂ ಇಳಿಯಿತು, ಅಂದರೆ ಒಳಸಂತಾನ ಪರೀಕ್ಷಿಸಿ. ಹಿಂಡಿನ ಸರಾಸರಿ 50 ಸಾವಿರಕ್ಕಿಂತ ಕೆಳಗಿದ್ದೂ ಜ್ವರದ ಸಮೇತ ತೀವ್ರ ಬಾವು ಹೆಚ್ಚುತ್ತಿದೆ, ಅಂದರೆ ಪರಿಸರದ ಇ. ಕೋಲೈ. ಹಾಸು ಮತ್ತು ಸಗಣಿ ನಿರ್ವಹಣೆ ನೋಡಿ. ಕೊಂಡು ತಂದ ಹಸು ಬಂದ ತಿಂಗಳಲ್ಲೇ ಅಂಕ ಏರಿತು, ಅಂದರೆ ಅದು ಸೋಂಕು ಹೊತ್ತು ತಂದಿದೆ. ಹೊಸ ದನವನ್ನು 21ರಿಂದ 30 ದಿನ ಬೇರೆ ಕಟ್ಟಿ, ನಾಲ್ಕೂ ಮೊಲೆಯ ಸಿಎಂಟಿ ಮತ್ತು ಕಂದು ರೋಗದ ರಕ್ತಪರೀಕ್ಷೆ ಆದ ಮೇಲಷ್ಟೇ ಹಿಂಡಿಗೆ ಸೇರಿಸಿ, ಅಲ್ಲಿಯವರೆಗೆ ಅದನ್ನು ಕೊನೆಯಲ್ಲಿ ಹಿಂಡಿ.